ಬಾಗಿಲ ಹೊರಗೆ ನಿಂತವರ ಪ್ರಾರ್ಥನೆ: ಕೊಪ್ಪಳದ ಸುದ್ದಿಯೂ ನಮ್ಮ ಆರಾಧನೆಯೂ

2021ರ ಸೆಪ್ಟೆಂಬರ್ 4. ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ಅಂದು ಮೊಂತಿ ಫೆಸ್ತಿನ ನೊವೆನಾದ ಆರನೇ ದಿನ. ಕೊರೊನಾ ನಿರ್ಬಂಧಗಳ ನಡುವೆಯೂ ಪುಟ್ಟ ಮಕ್ಕಳು ಮಾತೆ ಮರಿಯಮ್ಮನವರಿಗೆ ಹೂವು ಅರ್ಪಿಸುತ್ತಿದ್ದ ದಿನಗಳವು. ಅದೇ ದಿನ ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲೂಕಿನ ಮಿಯಾಪುರ ಎಂಬ ಹಳ್ಳಿಯಲ್ಲಿ ಎರಡು ವರ್ಷದ ಒಂದು ಮಗುವಿನ ಹುಟ್ಟುಹಬ್ಬವಿತ್ತು. ತಂದೆ ಮಗುವನ್ನು ಕರೆದುಕೊಂಡು ಮನೆಯೆದುರಿನ ಆಂಜನೇಯನ ಗುಡಿಗೆ ಪ್ರಾರ್ಥನೆಗೆ ಹೋದರು. ಪರಿಶಿಷ್ಟ ಜಾತಿಗೆ ಸೇರಿದ ಈ ಕುಟುಂಬ ರೂಢಿಯಂತೆ ಗುಡಿಯ ಹೊರಗೇ ನಿಂತು ಕೈಮುಗಿಯಬೇಕಿತ್ತು. ಅಷ್ಟರಲ್ಲಿ ಮಳೆ ಬಂತು. ಮಗು ಓಡಿ ಗುಡಿಯೊಳಗೆ ಹೋಯಿತು.

ನಡೆದದ್ದು ಇಷ್ಟೇ. ಒಂದು ವಾರದ ನಂತರ ಊರಿನ ಕೆಲವು ಪ್ರಮುಖರು ಸಭೆ ಸೇರಿ, ಗುಡಿ ಮೈಲಿಗೆಯಾಗಿದೆ, ಶುದ್ಧೀಕರಣದ ವೆಚ್ಚವನ್ನು ಮಗುವಿನ ಮನೆಯವರೇ ಕೊಡಬೇಕು ಎಂದು ಇಪ್ಪತ್ತು ಸಾವಿರ ರೂಪಾಯಿಗೂ ಮೀರಿದ ದಂಡ ಹೇಳಿದರು. ಸುದ್ದಿ ಹೊರಬಿದ್ದ ಮೇಲೆ ಪೊಲೀಸರು ಐದು ಮಂದಿಯನ್ನು ಬಂಧಿಸಿದರು, ಅಧಿಕಾರಿಗಳು ಹಳ್ಳಿಗೆ ಬಂದು ಜಾಗೃತಿ ಸಭೆ ನಡೆಸಿದರು. ಆಗ ಸಮಾಜ ಕಲ್ಯಾಣ ಸಚಿವರಾಗಿದ್ದವರು ನಮ್ಮ ಕರಾವಳಿಯವರೇ ಆದ ಕೋಟ ಶ್ರೀನಿವಾಸ ಪೂಜಾರಿಯವರು. ಆ ಮಗುವಿನ ಹೆಸರನ್ನೇ ಇಟ್ಟು ಅಸ್ಪೃಶ್ಯತೆಯ ವಿರುದ್ಧ ಗ್ರಾಮ ಪಂಚಾಯತ್ ಮಟ್ಟದ ಯೋಜನೆಯೊಂದನ್ನು ಸರಕಾರ ಪ್ರಕಟಿಸಿತು.

ಅಂಜನಾದ್ರಿಯೇ ಹನುಮಂತ ಹುಟ್ಟಿದ ಬೆಟ್ಟವೆಂದು ನಂಬುವ ಜಿಲ್ಲೆಯಲ್ಲಿ ಹನುಮಂತನ ಗುಡಿಗೆ ಒಂದು ಮಗು ಮಳೆಗೆ ಹೆದರಿ ಓಡಿದ್ದು ಅಪರಾಧವಾಯಿತು. ಇದನ್ನು ಓದಿ "ಅವರಲ್ಲಿ ಹೀಗೆಲ್ಲ ಇದೆ ನೋಡಿ" ಎಂದು ನಿಟ್ಟುಸಿರು ಬಿಟ್ಟು ಪುಟ ತಿರುಗಿಸುವುದು ನಮಗೆ ಸುಲಭ. ಇಂದು ಈ ಲೇಖನ ಬರೆಯುತ್ತಿರುವುದು ಹಾಗೆ ಪುಟ ತಿರುಗಿಸಲು ಆಗದಿರುವ ಕಾರಣಕ್ಕಾಗಿ. ದೇವರ ಆರಾಧನೆ ಎಂದರೇನು, ದೇವರ ಸೇವೆ ಎಂದರೇನು ಎಂದು ನಾವು ತಪಸ್ಸುಕಾಲದ ಧ್ಯಾನಕೂಟಗಳಲ್ಲಿ ಕೇಳಿಸಿಕೊಳ್ಳುವ ಪ್ರಶ್ನೆಗಳನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಈಚಿನ ಸುದ್ದಿಗಳು ಬೇರೆಯೇ ರೀತಿಯಲ್ಲಿ ಕೇಳುತ್ತಿವೆ.

ದೂರದ ಜಿಲ್ಲೆಯಲ್ಲ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಹುಟ್ಟಿದ ಜಿಲ್ಲೆ ಕೊಪ್ಪಳ. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 13.9 ಲಕ್ಷ. ಮೊದಲಿದ್ದ ನಾಲ್ಕು ತಾಲೂಕುಗಳಿಂದ ಮುಂದೆ ಕುಕನೂರು, ಕಾರಟಗಿ, ಕನಕಗಿರಿ ತಾಲೂಕುಗಳಾದವು. ಗಂಗಾವತಿ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿಗಳು. ಕುಷ್ಟಗಿ, ಯಲಬುರ್ಗಾದ ಕಡೆ ಮಳೆಯನ್ನೇ ನಂಬಿದ ಒಣ ಭೂಮಿ. ಮಳೆ ಕೈಕೊಟ್ಟ ವರ್ಷ ಅಲ್ಲಿನ ಜನ ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಹೊರಡುತ್ತಾರೆ. ಅವರ ಮಾತಿನಲ್ಲಿ ಅದು 'ಗುಳೆ ಹೋಗುವುದು'. ಗುಳೆ ಹೋಗುವುದು ಬೆಂಗಳೂರಿಗೆ, ಗೋವೆಗೆ, ಮಂಗಳೂರು ಉಡುಪಿಗೆ.

ಹೀಗಾಗಿ ಕೊಪ್ಪಳವನ್ನು ನಕಾಶೆಯಲ್ಲಿ ಹುಡುಕುವ ಅಗತ್ಯ ನಮಗಿಲ್ಲ. ನಮ್ಮ ಮನೆಗಳ ಕೆಂಪುಕಲ್ಲು ಹೊತ್ತವರು, ನಮ್ಮ ಹೊಸ ಚರ್ಚುಗಳ ಸ್ಲ್ಯಾಬಿಗೆ ಕಾಂಕ್ರೀಟು ಎತ್ತಿದವರು, ಮಲ್ಪೆ ಮತ್ತು ಮಂಗಳೂರಿನ ಬಂದರುಗಳಲ್ಲಿ ಮೀನು ಹೊರುವವರು, ಬೋಟಿಗೆ ಹೋಗುವವರು, ಇವರಲ್ಲಿ ಬಹಳಷ್ಟು ಮಂದಿ ಆ ಕಡೆಯವರು. ನಾವು ಅವರನ್ನು ಊರಿನ ಹೆಸರು ಹಿಡಿದು ಕರೆಯುವುದಿಲ್ಲ. 'ಘಟ್ಟದವರು' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ.

ಧರ್ಮಸಭೆಯ ಲೆಕ್ಕದಲ್ಲಿಯೂ ಕೊಪ್ಪಳ ನಮಗೆ ಹತ್ತಿರದ್ದು. 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಪ್ರಾಂತ್ಯದ ವ್ಯಾಪ್ತಿಯಲ್ಲಿ ಬಳ್ಳಾರಿ, ರಾಯಚೂರುಗಳೊಂದಿಗೆ ಕೊಪ್ಪಳವೂ ಸೇರಿದೆ. 2008ರಲ್ಲಿ ಅಲ್ಲಿ ಧರ್ಮಾಧ್ಯಕ್ಷರಾದ ಹೆನ್ರಿ ಡಿಸೋಜಾರವರು ಮಂಗಳೂರು ಧರ್ಮಪ್ರಾಂತ್ಯದ ಗುರುಗಳಾಗಿದ್ದವರು. ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಗುರುಗಳಾಗಿ, ಧರ್ಮಭಗಿನಿಯರಾಗಿ ಆ ಬಯಲು ಸೀಮೆಯಲ್ಲಿ ಶಾಲೆ, ಔಷಧಾಲಯ, ವಸತಿಗೃಹ ನಡೆಸಿದ್ದಾರೆ. ಕುಷ್ಟಗಿಯ ನೆರೆಯಲ್ಲಿರುವ, ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಬಿಜಾಪುರದ ಸುಲ್ತಾನರ ಕಾಲದಿಂದಲೂ ಕಥೋಲಿಕ ಸಮುದಾಯವಿದೆ. ಗೋವೆಯಿಂದ ಬಂದ ಯೇಸುಸಭೆಯ ಗುರುಗಳ ಕಾಲದ ವಿಶ್ವಾಸ ಅದು. ಆದ್ದರಿಂದ ಅಲ್ಲಿಂದ ಬರುವ ಕಾರ್ಮಿಕರಲ್ಲಿ ಒಬ್ಬರು ಕುತ್ತಿಗೆಯಲ್ಲಿ ಜಪಸರ ಹಾಕಿಕೊಂಡಿದ್ದರೆ ನಾವು ಬೆರಗಾಗಬೇಕಿಲ್ಲ.

ಕ್ಷೌರದ ಕತ್ತರಿ, ಹೋಟೆಲಿನ ಲೋಟ

ಮಿಯಾಪುರ ಒಂದೇ ಆಗಿದ್ದರೆ ಅದನ್ನು ಒಂದು ಹಳ್ಳಿಯ ಅಜ್ಞಾನವೆಂದು ಬಿಡಬಹುದಿತ್ತು. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತ ಕೇರಿಯ ಮೇಲೆ ದಾಳಿ ನಡೆದು ಮನೆಗಳಿಗೆ ಬೆಂಕಿ ಹಚ್ಚಲಾಯಿತು. ಗಂಗಾವತಿಯ ಸಿನಿಮಾ ಮಂದಿರದಲ್ಲಿ ನಡೆದ ಜಗಳ ಅದಕ್ಕೆ ನೆಪ. ಹಿಂದಿನ ಕಾರಣ ಬೇರೆ ಇತ್ತು: ಊರಿನ ಕ್ಷೌರದ ಅಂಗಡಿ ಮತ್ತು ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶವಿಲ್ಲದ್ದು, ಅದನ್ನು ಅವರು ಪ್ರಶ್ನಿಸಿದ್ದು. ಹತ್ತು ವರ್ಷಗಳ ವಿಚಾರಣೆಯ ನಂತರ 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆಯನ್ನೂ ಮೂವರಿಗೆ ಐದು ವರ್ಷಗಳ ಶಿಕ್ಷೆಯನ್ನೂ ವಿಧಿಸಿತು. ದೇಶದಲ್ಲಿ ದಲಿತ ದೌರ್ಜನ್ಯದ ಒಂದೇ ಪ್ರಕರಣದಲ್ಲಿ ಇಷ್ಟು ಜನರಿಗೆ ಜೀವಾವಧಿಯಾದದ್ದು ತೀರಾ ಅಪರೂಪ. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಬಹುತೇಕರಿಗೆ ಜಾಮೀನು ನೀಡಿತು.

ಆ ತೀರ್ಪಿಗೆ ಎರಡು ತಿಂಗಳ ಮೊದಲು, 2024ರ ಆಗಸ್ಟ್‌ನಲ್ಲಿ, ಯಲಬುರ್ಗಾ ತಾಲೂಕಿನ ಸಂಗನಾಳ ಗ್ರಾಮದಲ್ಲಿ ಕ್ಷೌರದ ಅಂಗಡಿಯಲ್ಲಿ ಆರಂಭವಾದ ಮಾತಿನ ಜಗಳದಲ್ಲಿ ದಲಿತ ಯುವಕನೊಬ್ಬ ಕತ್ತರಿಯ ಇರಿತದಿಂದ ಸತ್ತ. ಕ್ಷೌರ ಮಾಡಲು ನಿರಾಕರಿಸಿದ್ದೇ ಜಗಳದ ಮೂಲವೆಂಬುದು ಆರೋಪ. ಆ ಯುವಕನಿಗಿನ್ನೂ ಮೂವತ್ತು ದಾಟಿರಲಿಲ್ಲ.

ಇದಕ್ಕೂ ಪ್ರಾರ್ಥನೆಗೂ ಏನು ಸಂಬಂಧ ಎಂದು ಕೇಳುವ ಓದುಗರಿದ್ದಾರೆ. ನಮ್ಮ ಉತ್ತರ ಇದು. ಗುಡಿಯ ಬಾಗಿಲು, ಹೋಟೆಲಿನ ಬೆಂಚು, ಕ್ಷೌರದ ಕುರ್ಚಿ ಮೂರೂ ಒಂದೇ ನಿಯಮದಿಂದ ನಡೆಯುತ್ತವೆ. ಯಾರ ಮೈ ಮುಟ್ಟಬಹುದು, ಯಾರ ಜೊತೆ ಕೂತು ಉಣ್ಣಬಹುದು ಎಂಬುದು ಆ ನಿಯಮ. ಕ್ರೈಸ್ತ ಆರಾಧನೆಯ ಕೇಂದ್ರದಲ್ಲಿರುವುದು ಯಾವುದು? ಒಂದು ಮೇಜು. ಪ್ರಭು ಯೇಸು ಕಡೆಯ ರಾತ್ರಿ ತಮ್ಮವರೊಡನೆ ಕುಳಿತು ಉಂಡ ಊಟ. ನಾವು ಬಲಿಪೂಜೆ ಎನ್ನುತ್ತೇವೆ. ಬಲಿಯೂ ಹೌದು, ಪಂಕ್ತಿಯೂ ಹೌದು. ಹೀಗಿರುವಾಗ ಪಂಕ್ತಿಭೇದವು ನಮ್ಮಲ್ಲಿ ಬರಿಯ ಸಾಮಾಜಿಕ ದೋಷವಾಗಿ ಉಳಿಯುವುದಿಲ್ಲ. ಅದು ಆರಾಧನೆಯನ್ನೇ ಕೆಡಿಸುತ್ತದೆ. ಕೊರಿಂಥದ ಸಭೆಗೆ ಸಂತ ಪೌಲರು ಬರೆದ ಮೊದಲನೆಯ ಪತ್ರದ ಹನ್ನೊಂದನೇ ಅಧ್ಯಾಯವನ್ನು ಓದಿ. ಅಲ್ಲಿನ ಉಳ್ಳವರು ಬೇಗ ಬಂದು ಉಂಡು ಕುಡಿದು ತೃಪ್ತರಾಗುತ್ತಿದ್ದರು. ದುಡಿದು ತಡವಾಗಿ ಬಂದವರು ಹಸಿದೇ ಇರುತ್ತಿದ್ದರು. ಹೀಗೆ ಸೇರುವುದು ಪ್ರಭುಭೋಜನವೇ ಅಲ್ಲವೆಂದು ಪೌಲರು ಕಟುವಾಗಿ ಹೇಳುತ್ತಾರೆ. ವಿಧಿಯಲ್ಲಿ ತಪ್ಪಾಗಿದೆ ಎಂದೇನೂ ಅವರು ಹೇಳಿಲ್ಲ. ಊಟದಲ್ಲಿ ತಪ್ಪಾಗಿದೆ ಎನ್ನುತ್ತಾರೆ. ಪರಮಪ್ರಸಾದದ ಸ್ಥಾಪನೆಯ ಅತ್ಯಂತ ಹಳೆಯ ಲಿಖಿತ ವಿವರಣೆ ನಮಗೆ ಸಿಕ್ಕಿರುವುದೇ ಈ ಗದರಿಕೆಯ ನಡುವೆ. ಧರ್ಮೋಪದೇಶ ತರಗತಿಗಳಲ್ಲಿ ಈ ಸಂಗತಿಯನ್ನು ನಾವು ಯಾಕೋ ಹೆಚ್ಚು ಹೇಳುವುದಿಲ್ಲ.

ಯೆರೂಸಲೇಮಿನ ಒಂದು ಕಲ್ಲು

ಬಾಗಿಲ ಪ್ರಶ್ನೆ ಯೇಸುಸ್ವಾಮಿಯವರ ಕಾಲಕ್ಕೆ ಹೊಸತೇನೂ ಆಗಿರಲಿಲ್ಲ. ಯೆರೂಸಲೇಮಿನ ದೇವಾಲಯದಲ್ಲಿ ಅನ್ಯಜನರಿಗೆ ಹೊರಗಿನ ಅಂಗಳದವರೆಗೆ ಮಾತ್ರ ಪ್ರವೇಶವಿತ್ತು. ಅದರಾಚೆ ಒಂದು ಅಡ್ಡಗೋಡೆ. ಗೋಡೆ ದಾಟಿದವರ ಸಾವಿಗೆ ಅವರೇ ಹೊಣೆ ಎಂದು ಗ್ರೀಕ್ ಭಾಷೆಯಲ್ಲಿ ಕಲ್ಲಿನ ಮೇಲೆ ಕೆತ್ತಿ ಅಲ್ಲಿ ನಿಲ್ಲಿಸಿದ್ದರು. 1871ರಲ್ಲಿ ಆ ಕಲ್ಲುಗಳಲ್ಲಿ ಒಂದು ಸಿಕ್ಕಿತು, ಈಗ ಅದು ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ವ್ಯಾಪಾರಿಗಳು ಮೇಜು ಹಾಕಿಕೊಂಡಿದ್ದು ಆ ಹೊರ ಅಂಗಳದಲ್ಲಿ, ಅಂದರೆ ಹೊರಗಿನವರಿಗೆಂದು ಇದ್ದ ಒಂದೇ ಜಾಗದಲ್ಲಿ. ಯೇಸು ಆ ಮೇಜುಗಳನ್ನು ಕೆಡವಿದಾಗ ಹೇಳಿದ ಮಾತು ಯೆಶಾಯನ ಗ್ರಂಥದ 56ನೇ ಅಧ್ಯಾಯದಿಂದ ಬಂದದ್ದು. ದೇವಾಲಯದಿಂದ ದೂರವಿರಿಸಲ್ಪಟ್ಟ ಪರದೇಶಿಗಳನ್ನೂ ನಪುಂಸಕರನ್ನೂ ದೇವರು ಒಳಗೆ ಕರೆಯುವ ಅಧ್ಯಾಯ ಅದು. ನಾಲ್ವರು ಶುಭಸಂದೇಶಕಾರರಲ್ಲಿ ಮಾರ್ಕ ಒಬ್ಬರೇ ಆ ಮಾತಿನಲ್ಲಿ 'ಸಮಸ್ತ ಜನಾಂಗಗಳಿಗೆ' ಎಂಬುದನ್ನು ಉಳಿಸಿಕೊಂಡಿದ್ದಾರೆ. ಎಫೆಸದವರಿಗೆ ಬರೆದ ಪತ್ರವು ಕ್ರಿಸ್ತರ ಮರಣವನ್ನು ಅಡ್ಡಗೋಡೆ ಕೆಡವಿದ ಕಾರ್ಯವೆಂದು ವರ್ಣಿಸುವಾಗ ಮೊದಲ ಕಾಲದ ಓದುಗರಿಗೆ ಈ ಕಲ್ಲಿನ ಗೋಡೆಯೇ ನೆನಪಾಗಿರಬೇಕು.

ಹೀಗಾಗಿ ಮಿಯಾಪುರದ ಮಗುವಿನ ವಿಷಯದಲ್ಲಿ ಕ್ರೈಸ್ತ ನಿಲುವು ಏನೆಂದು ಹುಡುಕಬೇಕಾದ ಕಷ್ಟವಿಲ್ಲ. ಕಷ್ಟ ಇರುವುದು ಬೇರೆ ಕಡೆ.

ನಮ್ಮ ಮನೆಯ ಲೆಕ್ಕ

2003ರ ನವೆಂಬರಿನಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ತಮಿಳುನಾಡಿನ ಧರ್ಮಾಧ್ಯಕ್ಷರೊಡನೆ ಮಾತನಾಡುತ್ತಾ, ಕ್ರೈಸ್ತರ ನಡುವಿನ ಜಾತಿಭೇದವು ಧರ್ಮಸಭೆಯ ಸುವಾರ್ತಾ ಕಾರ್ಯಕ್ಕೇ ಅಡ್ಡಿಯೆಂದು ಸ್ಪಷ್ಟವಾಗಿ ಹೇಳಿದರು. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತ ಸಬಲೀಕರಣದ ನೀತಿಯನ್ನು ಹೊರತಂದಿತು. ಧರ್ಮಸಭೆಯೊಳಗೂ ಅಸ್ಪೃಶ್ಯತೆಯ ಆಚರಣೆ ಇದೆ ಎಂದು ಅದರಲ್ಲಿ ಒಪ್ಪಿಕೊಂಡಿತು. ಭಾರತದ ಕಥೋಲಿಕರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ದಲಿತ ಮೂಲದವರೆಂಬುದು ಧರ್ಮಸಭೆಯೇ ಹೇಳುತ್ತಾ ಬಂದ ಲೆಕ್ಕ. ಆದರೂ ದಲಿತ ಸಮುದಾಯದಿಂದ ಮೊದಲ ಕಾರ್ಡಿನಲ್ ಬಂದದ್ದು 2022ರಲ್ಲಿ. ಅವರು ಹೈದರಾಬಾದಿನ ಮಹಾಧರ್ಮಾಧ್ಯಕ್ಷ ಅಂತೋಣಿ ಪೂಲ, ತುಂಗಭದ್ರೆಯ ದಡದ ಕರ್ನೂಲು ಸೀಮೆಯವರು.

ಕೊಪ್ಪಳ, ರಾಯಚೂರು ಭಾಗದ ನಮ್ಮ ವಿಶ್ವಾಸಿಗಳಲ್ಲಿ ಬಹಳಷ್ಟು ಮಂದಿ ಇಂತಹ ಕೇರಿಗಳವರೇ. ಅವರ ಪಾಡು ಎರಡು ಕಡೆ ಸುಡುವ ಕಡ್ಡಿ. 1950ರ ರಾಷ್ಟ್ರಪತಿಗಳ ಪರಿಶಿಷ್ಟ ಜಾತಿ ಆದೇಶದ ಮೂರನೇ ಕಂಡಿಕೆ ಹಿಂದೂಗಳನ್ನು ಮಾತ್ರ ಪರಿಶಿಷ್ಟ ಜಾತಿಯವರೆಂದು ಎಣಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತರಲ್ಲಿ ಜಾತಿಯಿಲ್ಲವೆಂಬ ಕಾರಣಕ್ಕೆ ದಲಿತ ಕ್ರೈಸ್ತರು ಹೊರಗೇ ಉಳಿದರು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಅಡ್ಡಿಯನ್ನು ತೆಗೆಯಬೇಕೆಂದಿತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಇನ್ನೊಂದು ಆಯೋಗ ನೇಮಿಸಿತು. ಹಳ್ಳಿಯಲ್ಲಿ ಹೋಟೆಲಿನವನು ಲೋಟ ಬೇರೆ ಇಡುವಾಗ ಇವನು ಯಾವ ಧರ್ಮದವನೆಂದು ಕೇಳುವುದಿಲ್ಲ. ತಹಶೀಲ್ದಾರರ ಕಚೇರಿಯಲ್ಲಿ ಮಾತ್ರ ಕೇಳುತ್ತಾರೆ.

2025ರ ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯಲ್ಲಿ ಈ ಗೊಂದಲ ಬೀದಿಗೆ ಬಂತು. ಆಯೋಗದ ಪಟ್ಟಿಯಲ್ಲಿ ಜಾತಿಯ ಹೆಸರಿನೊಂದಿಗೆ ಕ್ರೈಸ್ತ ಎಂಬ ಪದ ಸೇರಿದ ಹಲವು ಹೆಸರುಗಳಿದ್ದವು. ರಾಜಕೀಯ ವಿರೋಧ ಬಂತು. ಆಯೋಗ ಅವನ್ನು ಆಯ್ಕೆಪಟ್ಟಿಯಿಂದ ಮರೆಮಾಡಿತು. ವಿರೋಧಿಸಿದವರ ರಾಜಕೀಯವನ್ನು ಇಲ್ಲಿ ಚರ್ಚಿಸುವುದಿಲ್ಲ. ನಮ್ಮವರಲ್ಲೇ ಕೆಲವರು ಆಗ ಹೇಳಿದ "ಕ್ರೈಸ್ತರಲ್ಲಿ ಜಾತಿಯೇ ಇಲ್ಲ, ಈ ಹೆಸರುಗಳೆಲ್ಲ ಯಾಕೆ?" ಎಂಬ ಮಾತನ್ನು ಮಾತ್ರ ಚರ್ಚಿಸಬೇಕು. ವೇದಾಂತವಾಗಿ ಅದು ಸರಿ. ಆದರೆ ಕರಾವಳಿಯ ನಮ್ಮ ಕೊಂಕಣಿ ಕಥೋಲಿಕ ಮನೆಗಳಲ್ಲಿ ಬಾಮಣ್, ಚಾರಡಿ, ಶೂದಿರ್ ಎಂಬ ಮಾತುಗಳು ಮದುವೆ ಕುದುರಿಸುವ ಹೊತ್ತಿಗೆ ಇಂದಿಗೂ ಪಿಸುಗುಟ್ಟುತ್ತವೆ. ಗೋವೆಯಿಂದ ನಾವು ತಂದ ಪಿತೃಗಳ ಆಸ್ತಿಯಲ್ಲಿ ವಿಶ್ವಾಸದ ಜೊತೆ ಇದೂ ಒಂದು. ನಾವು ಮರೆತಿದ್ದೇವೆ ಎನ್ನುವವರು ತಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಲಿ. ಜಾತಿಯಿಂದ ನೊಂದವನು ತನ್ನ ನೋವಿಗೆ ಹೆಸರಿಟ್ಟರೆ ಅದನ್ನು ಜಾತೀಯತೆ ಎನ್ನುವ ಹಕ್ಕು ನಮಗೆ ಎಲ್ಲಿಂದ ಬಂತು?

ದೇವರ ಸೇವಕಿಯರು

ಕೊಪ್ಪಳದ ವಿಷಯದಲ್ಲಿ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾಗದು. 'ದೇವರ ಸೇವೆ' ಎಂಬ ಮಾತು ನಮ್ಮ ಪ್ರವಚನಗಳಲ್ಲಿ ಸಿಹಿಯಾದದ್ದು. ಆ ಸೀಮೆಯ ಸಾವಿರಾರು ಹೆಣ್ಣುಮಕ್ಕಳಿಗೆ ಅದೇ ಮಾತು ಬದುಕು ಕಳೆದುಕೊಂಡ ಕಥೆ. ದೇವದಾಸಿ ಎಂದರೆ ಅಕ್ಷರಶಃ ದೇವರ ಸೇವಕಿ. 1982ರ ಕರ್ನಾಟಕದ ಕಾಯ್ದೆ ಮುತ್ತು ಕಟ್ಟುವುದನ್ನು ನಿಷೇಧಿಸಿತು. ಆದರೂ ಸರಕಾರದ ಸಮೀಕ್ಷೆಗಳು ಗುರುತಿಸಿದ ದೇವದಾಸಿಯರ ಸಂಖ್ಯೆ ರಾಜ್ಯದಲ್ಲಿ 46 ಸಾವಿರ ದಾಟಿತ್ತು. ಕೊಪ್ಪಳ, ಬಳ್ಳಾರಿ, ರಾಯಚೂರು, ಬಾಗಲಕೋಟೆ, ಬೆಳಗಾವಿ ಕಡೆಯವರೇ ಹೆಚ್ಚು. ಬಹುತೇಕ ಎಲ್ಲರೂ ದಲಿತರು. ಗುಡಿಯೊಳಗೆ ಬರಬಾರದೆಂಬ ಕೇರಿಯ ಹುಡುಗಿಯನ್ನು ಗುಡಿಯ ಹೆಸರಿನಲ್ಲೇ ಊರಿನ ಉಳ್ಳವರ ಪಾಲಾಗಿಸಿದ ಪದ್ಧತಿ ಇದು.

ಅವರ ಮಕ್ಕಳಿಗೆ ಶಾಲೆಗೆ ಸೇರುವಾಗ, ಜಾತಿ ಪ್ರಮಾಣಪತ್ರ ಕೇಳುವಾಗ ಎದುರಾಗುವುದು 'ತಂದೆಯ ಹೆಸರು' ಎಂಬ ಖಾಲಿ ಜಾಗ. 2025ರ ಆಗಸ್ಟಿನಲ್ಲಿ ರಾಜ್ಯ ವಿಧಾನಮಂಡಲದ ಮುಂದೆ ಬಂದ ಹೊಸ ದೇವದಾಸಿ ಮಸೂದೆ ಈ ಮಕ್ಕಳ ಹಕ್ಕುಗಳನ್ನೂ, ದಾಖಲೆಗಳಲ್ಲಿ ತಂದೆಯ ಹೆಸರಿನ ಕಡ್ಡಾಯವನ್ನು ಬಿಡಿಸುವುದನ್ನೂ ಗುರಿಯಾಗಿ ಇಟ್ಟುಕೊಂಡಿತ್ತು. ಆ ಮಹಿಳೆಯರೂ ಅವರ ಮಕ್ಕಳೂ ವರ್ಷಗಟ್ಟಲೆ ಸಂಘಟಿತರಾಗಿ ಹೋರಾಡಿದ್ದರ ಫಲವಿದು.

ನಮ್ಮ ಧರ್ಮಕೇಂದ್ರಗಳ ಕಚೇರಿಯಲ್ಲಿ ಕೂರುವವರಿಗೆ ಇಲ್ಲಿ ಒಂದು ಮಾತು. ಗುಳೆ ಬಂದ ತಾಯಿಯೊಬ್ಬಳು ಮಗುವಿನ ಜ್ಞಾನಸ್ನಾನ ಕೇಳಿಕೊಂಡು ಬಂದರೆ, ತಂದೆಯ ಹೆಸರು ಹೇಳಲಾಗದಿದ್ದರೆ, ಏನು ಮಾಡಬೇಕು? 1983ರ ಧರ್ಮಸಭಾ ಕಾನೂನು ಸಂಹಿತೆಯ 877ನೇ ನಿಯಮ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ತಾಯಿ ಯಾರೆಂಬುದು ಎಲ್ಲರಿಗೂ ತಿಳಿದಿದ್ದರೆ ಅಥವಾ ಆಕೆ ಸ್ವಇಚ್ಛೆಯಿಂದ ಕೇಳಿಕೊಂಡರೆ ಆಕೆಯ ಹೆಸರು ಬರೆಯಬೇಕು. ತಂದೆ ಯಾರೆಂಬುದಕ್ಕೆ ಸಾರ್ವಜನಿಕ ದಾಖಲೆ ಇದ್ದರೆ ಅಥವಾ ಆತನೇ ನಿಯಮದಂತೆ ಹೇಳಿಕೊಂಡರೆ ಮಾತ್ರ ತಂದೆಯ ಹೆಸರು. ಇಲ್ಲವಾದರೆ ಆ ಹೆಸರಿಲ್ಲದೆಯೇ ಮಗುವಿನ ಹೆಸರು ಬರೆಯಲಾಗುತ್ತದೆ. ಪುಸ್ತಕದಲ್ಲಿ ಒಂದು ಅಂಕಣ ಖಾಲಿ ಉಳಿಯುತ್ತದೆಂಬ ಕಾರಣಕ್ಕೆ ಮಗುವನ್ನು ಹಿಂದೆ ಕಳುಹಿಸಬೇಕೆಂದು ಸಂಹಿತೆ ಎಲ್ಲಿಯೂ ಹೇಳಿಲ್ಲ. ಪೋಷಕರ ಸಮ್ಮತಿ ಮತ್ತು ವಿಶ್ವಾಸದಲ್ಲಿ ಬೆಳೆಸುವ ಭರವಸೆ ಬೇಕು, ಅದು ಬೇರೆ ಮಾತು. ನಿಯಮ ನಮಗಿಂತ ಉದಾರವಾಗಿರುವ ಜಾಗಗಳಲ್ಲಿ ಇದೊಂದು.

ಗವಿಮಠದ ರೊಟ್ಟಿ

ಕೊಪ್ಪಳದಿಂದ ಬರುವ ಸುದ್ದಿಯೆಲ್ಲ ಕತ್ತಲೆಯದ್ದೆಂದು ಯಾರೂ ತಿಳಿಯಬಾರದು. ಪ್ರತಿ ಜನವರಿಯಲ್ಲಿ ಅಲ್ಲಿನ ಗವಿಸಿದ್ಧೇಶ್ವರ ಮಠದ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಸುತ್ತಲಿನ ಹಳ್ಳಿಗಳ ಹೆಂಗಸರು ಮನೆಮನೆಯಲ್ಲಿ ಜೋಳದ ರೊಟ್ಟಿ ತಟ್ಟಿ, ಟ್ರ್ಯಾಕ್ಟರುಗಳಲ್ಲಿ ತುಂಬಿ ಮಠಕ್ಕೆ ಕಳುಹಿಸುತ್ತಾರೆ. ಆ ಮಹಾದಾಸೋಹದಲ್ಲಿ ಬಂದವರೆಲ್ಲ ಉಣ್ಣುತ್ತಾರೆ. ಮಠದ ಈಗಿನ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಜಾತ್ರೆಯನ್ನು ನೇತ್ರದಾನ, ಜಲಸಂರಕ್ಷಣೆಯಂತಹ ವಿಷಯಗಳ ಪ್ರಚಾರಕ್ಕೆ ಬಳಸುತ್ತಾ ಬಂದಿದ್ದಾರೆ. 2019ರಲ್ಲಿ ಹೂಳು ತುಂಬಿದ್ದ ಹಿರೇಹಳ್ಳವನ್ನು ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಜನರ ನೆರವಿನಿಂದ ಶುಚಿಗೊಳಿಸಿದರು. 2021ರ ಕೊರೊನಾ ಎರಡನೇ ಅಲೆಯಲ್ಲಿ ಮಠದ ಆವರಣದಲ್ಲಿಯೇ ರೋಗಿಗಳ ಆರೈಕೆ ನಡೆಯಿತು.

2025ರ ಫೆಬ್ರವರಿಯಲ್ಲಿ ಕೊಪ್ಪಳದ ಪಕ್ಕದಲ್ಲಿಯೇ ಬಲ್ಡೋಟ ಸಮೂಹದ ಸುಮಾರು 54 ಸಾವಿರ ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆಯ ಪ್ರಸ್ತಾಪ ಬಂದಾಗ ನಗರದ ಜನ ಬೀದಿಗಿಳಿದರು. ಈಗಾಗಲೇ ಇರುವ ಕಾರ್ಖಾನೆಗಳ ಹೊಗೆ ಬೂದಿಯಿಂದ ಸಾಕಾಗಿದೆ ಎಂಬುದು ಅವರ ಮಾತು. ಫೆಬ್ರವರಿ 24ರ ಬಂದ್ ದಿನ ಸ್ವಾಮೀಜಿಯವರೂ ಮೆರವಣಿಗೆಯಲ್ಲಿ ನಡೆದು ಜನರ ಪರವಾಗಿ ಮಾತನಾಡಿದರು. ಕೆಲಸ ನಿಲ್ಲಿಸುವಂತೆ ಮುಖ್ಯಮಂತ್ರಿಗಳು ಸೂಚಿಸಿದರು. ಹೋರಾಟ ಅಲ್ಲಿಗೇ ಮುಗಿಯಲಿಲ್ಲ. ಅದೇ ವರ್ಷ ಜಗದ್ಗುರು ಫ್ರಾನ್ಸಿಸರ ಪರಿಸರ ವಿಶ್ವಪತ್ರ 'ಲಾವ್ದಾತೊ ಸಿ'ಗೆ ಹತ್ತು ವರ್ಷ ತುಂಬಿತು. ನಮ್ಮ ಧರ್ಮಕೇಂದ್ರಗಳಲ್ಲಿ ಗಿಡ ನೆಟ್ಟು ಫೋಟೋ ತೆಗೆಸಿಕೊಂಡೆವು. ಗಿಡ ನೆಡುವುದು ಒಳ್ಳೆಯದೇ. ಮಳೆಗಾಲದ ನಂತರ ಅವುಗಳಿಗೆ ನೀರು ಹಾಕಿದವರು ಯಾರೆಂದು ಪಾಲನಾ ಮಂಡಳಿಗಳಿಗೇ ಗೊತ್ತು.

ಮಠದ ಉದಾಹರಣೆಯನ್ನು ನಾವು ಕೊಟ್ಟದ್ದಕ್ಕೆ ಕೆಲವರಿಗೆ ಅಸಮಾಧಾನವಾಗಬಹುದು. ಎರಡನೇ ವತಿಕನ್ ಮಹಾಸಭೆ 1965ರಲ್ಲಿಯೇ ಬೇರೆ ಧರ್ಮಗಳಲ್ಲಿ ಸತ್ಯವೂ ಪಾವನವೂ ಆದುದನ್ನು ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ಘೋಷಿಸಿದೆ. ಅದೇ ಮಹಾಸಭೆ 1963ರಲ್ಲಿ ದೈವಾರಾಧನೆಯ ಕುರಿತ ದಸ್ತಾವೇಜಿನಲ್ಲಿ ಪೂಜಾವಿಧಿಯನ್ನು ಧರ್ಮಸಭೆಯ ಬಾಳಿನ ಶಿಖರವೆಂದೂ ಬುಗ್ಗೆಯೆಂದೂ ಕರೆದಾಗ, ಧರ್ಮಸಭೆಯ ಚಟುವಟಿಕೆಯೆಲ್ಲ ಪೂಜಾವಿಧಿಯಲ್ಲಿ ಮುಗಿದುಹೋಗುವುದಿಲ್ಲ ಎಂದೂ ಸೇರಿಸಿತ್ತು. ಪೀಠದ ಸುತ್ತ ಹೂವಿನ ಅಲಂಕಾರಕ್ಕೆ ಖರ್ಚು ಮಾಡುವಾಗ ಮೊದಲ ಭಾಗವನ್ನು ನೆನೆಯುತ್ತೇವೆ. ಎರಡನೆಯ ಭಾಗವನ್ನು ನೆನಪಿಸುವವರು ಕಡಿಮೆ.

ಮಲ್ಪೆಯ ಮರ, ನಮ್ಮ ಬೆಂಚು

2025ರ ಮಾರ್ಚ್ 18ರಂದು ಮಲ್ಪೆ ಬಂದರಿನಲ್ಲಿ, ಘಟ್ಟದ ಮೇಲಿನಿಂದ ದುಡಿಯಲು ಬಂದ ಲಂಬಾಣಿ ಸಮುದಾಯದ ಮಹಿಳೆಯೊಬ್ಬಳನ್ನು ಸಿಗಡಿ ಕದ್ದಳೆಂದು ಆರೋಪಿಸಿ ಮರಕ್ಕೆ ಕಟ್ಟಿ ಹೊಡೆದರು. ವಿಡಿಯೋ ರಾಜ್ಯವಿಡೀ ಹರಿದಾಡಿತು, ಬಂಧನಗಳಾದವು. ಅದು ತಪಸ್ಸುಕಾಲದ ಎರಡನೇ ವಾರ. ನಮ್ಮ ಇಗರ್ಜಿಗಳಲ್ಲಿ ಶಿಲುಬೆಯ ಹಾದಿ ನಡೆಯುತ್ತಿದ್ದ ದಿನಗಳು. ಆ ಘಟನೆಯಲ್ಲಿ ಯಾವ ಧರ್ಮದವರಿದ್ದರು ಎಂದು ಎಣಿಸುವುದರಿಂದ ಪ್ರಯೋಜನವಿಲ್ಲ. ಸುತ್ತ ನಿಂತು ನೋಡಿದ ಕರಾವಳಿ ನಮ್ಮೆಲ್ಲರದ್ದೂ ಹೌದು. ಕೊಪ್ಪಳದವರು ಅನಾಗರಿಕರು, ನಾವು ಸುಶಿಕ್ಷಿತರು ಎಂಬ ಮಾತಿಗೆ ಆ ದಿನದ ನಂತರ ಜಾಗವಿಲ್ಲ.

ಈಗ ನಮ್ಮ ಬೆಂಚುಗಳ ವಿಷಯಕ್ಕೆ ಬರೋಣ. ಯಕೋಬನ ಪತ್ರದ ಎರಡನೇ ಅಧ್ಯಾಯದಲ್ಲಿ ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ, ಕೊಳಕು ಬಟ್ಟೆಯವನಿಗೆ ಕಾಲಬುಡ ಎಂಬ ಸಭೆಯ ಚಿತ್ರ ಬರುತ್ತದೆ. ನಮ್ಮಲ್ಲಿ ಯಾರೂ ಹಾಗೆ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಬರುವುದಿಲ್ಲ. ಕೊಂಕಣಿಯಲ್ಲಿ ಪೂಜೆ, ಕೊಂಕಣಿಯಲ್ಲಿ ಹಾಡು, ಕೊಂಕಣಿಯಲ್ಲಿ ಪ್ರಕಟಣೆ. ಬಯಲುಸೀಮೆಯಿಂದ ಬಂದ ಕನ್ನಡ ಅಥವಾ ತೆಲುಗು ಮಾತನಾಡುವ ಕಥೋಲಿಕ ಕುಟುಂಬ ಕೊನೆಯ ಬೆಂಚಿನಲ್ಲಿ ಕುಳಿತು, ಏನೂ ತಿಳಿಯದೆ, ಮುಂದಿನ ಭಾನುವಾರ ಬರುವುದಿಲ್ಲ. ಕೆಲವು ಪಟ್ಟಣಗಳಲ್ಲಿ ಕನ್ನಡ ಪೂಜೆಯಿದೆ ನಿಜ. ಆದರೆ ಕಟ್ಟಡ ಕೆಲಸದವರಿಗೆ ಭಾನುವಾರ ಬೆಳಗ್ಗೆ ಬಿಡುವು ಸಿಗುವುದು ಮೇಸ್ತ್ರಿಯ ಮರ್ಜಿಯ ಮೇಲೆ. ಬಂದರಿನವರಿಗೆ ಬೋಟು ಬಂದ ಹೊತ್ತೇ ಕೆಲಸದ ಹೊತ್ತು. ಸಂಜೆಯ ಒಂದು ಕನ್ನಡ ಪೂಜೆ ಅವರಿಗೆ ಬೇಕಾದದ್ದು.

ಸಮಸ್ಯೆ ಅಷ್ಟೇ ಅಲ್ಲ. ಇವರು ಯಾವ ವಾಳೆಗೂ ಸೇರಿಲ್ಲ, ಯಾವ ಕುಟುಂಬ ಪುಸ್ತಕದಲ್ಲಿಯೂ ಇಲ್ಲ. ಊರಿನ ಧರ್ಮಕೇಂದ್ರದಿಂದ ಪತ್ರ ತಂದಿರುವುದಿಲ್ಲ. ಗುಳೆ ಹೊರಡುವಾಗ ಯಾರಿಗೂ ಜ್ಞಾನಸ್ನಾನದ ಪ್ರಮಾಣಪತ್ರ ನೆನಪಾಗುವುದಿಲ್ಲ. ಶಾಲೆಗೆ ಮಗುವನ್ನು ಸೇರಿಸಲು, ಮದುವೆಗೆ, ಕಾಯಿಲೆಗೆ, ಕೊನೆಗೆ ಸತ್ತವರ ಮಣ್ಣಿಗೆ ನಮ್ಮ ಬಾಗಿಲಿಗೆ ಬಂದಾಗ 'ನೀವು ಯಾವ ಧರ್ಮಕೇಂದ್ರದವರು?' ಎಂಬ ಪ್ರಶ್ನೆಯೇ ಮೊದಲು ಎದುರಾಗುತ್ತದೆ. ಕಾನೂನು ಸಂಹಿತೆಯ ಪ್ರಕಾರ ಒಂದು ಸ್ಥಳದಲ್ಲಿ ಮೂರು ತಿಂಗಳು ನೆಲೆಸಿದವರಿಗೆ ಆ ಸ್ಥಳವೇ ಉಪನಿವಾಸ; ಅಲ್ಲಿನ ಧರ್ಮಕೇಂದ್ರದ ಗುರುಗಳೇ ಅವರ ಗುರುಗಳು. ಹೀಗಾಗಿ ದೀಪಾವಳಿ ಕಳೆದು ಬಂದು ಯುಗಾದಿಯವರೆಗೆ ನಮ್ಮ ಊರಿನ ಶೆಡ್ಡುಗಳಲ್ಲಿ ಇರುವ ಕುಷ್ಟಗಿಯ ಕಥೋಲಿಕ ಕುಟುಂಬ ಅತಿಥಿಯಲ್ಲ, ನಮ್ಮ ಧರ್ಮಕೇಂದ್ರದ ಸದಸ್ಯರೇ.

ಕಥೋಲಿಕರಲ್ಲದ ಕಾರ್ಮಿಕರ ಸಂಖ್ಯೆ ಇವರಿಗಿಂತ ಎಷ್ಟೋ ಪಾಲು ಹೆಚ್ಚು. ಅವರಿಗೆ ನಮ್ಮ ಪೂಜೆ ಬೇಕಿಲ್ಲ, ಅವರ ಗುಡಿ ಜಾತ್ರೆಗಳು ಅವರಿಗಿವೆ. ಅವರ ಮಕ್ಕಳಿಗೆ ಶಾಲೆ, ಹೆಂಗಸರಿಗೆ ಸ್ನಾನದ ಜಾಗ, ಗಾಯವಾದಾಗ ಆಸ್ಪತ್ರೆ, ಸಂಬಳ ಹಿಡಿದಿಟ್ಟರೆ ಕೇಳುವವರು ಬೇಕು. 2020ರ ಲಾಕ್‌ಡೌನ್‌ನಲ್ಲಿ ಮಂಗಳೂರಿನಿಂದ ಊರಿಗೆ ಹೊರಟ ಇವರಿಗೆ ಅನ್ನದ ಪೊಟ್ಟಣ ಕೊಟ್ಟ ನಮ್ಮ ಯುವಕರನ್ನು ನೆನೆಯುತ್ತೇವೆ. ಐದು ವರ್ಷಗಳಾದವು. ಆಗ ಬರೆದುಕೊಂಡ ಫೋನ್ ನಂಬರುಗಳು ಎಲ್ಲಿ ಹೋದವು?

ಪಾಲನಾ ಮಂಡಳಿಗಳ ಮುಂದೆ ನಾವು ಇಡುವ ಕೋರಿಕೆ ಸಣ್ಣದು. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿ. ಪ್ರತಿ ವಾಳೆಯ ಗುರಿಕಾರರು ತಮ್ಮ ವ್ಯಾಪ್ತಿಯ ಶೆಡ್ಡುಗಳಿಗೆ, ಬಾಡಿಗೆ ಕೋಣೆಗಳಿಗೆ ಹೋಗಿ, ಮನೆ ಕಟ್ಟಿಸುವ ಕಡೆ ನಿಂತು ಕೇಳಿ, ಯಾವ ತಾಲೂಕಿನವರು, ಎಷ್ಟು ಮಂದಿ, ಶಾಲೆ ಬಿಟ್ಟ ಮಕ್ಕಳೆಷ್ಟು, ಕಥೋಲಿಕರಿದ್ದರೆ ಅವರ ಭಾಷೆ ಯಾವುದು ಎಂದು ಬರೆದುಕೊಳ್ಳಲಿ. ಹೆಸರುಗಳನ್ನು ಹೊರಗೆ ಹೇಳಬೇಕಿಲ್ಲ, ಲೆಕ್ಕ ಸಾಕು. ಯಾವ ಧರ್ಮಕೇಂದ್ರ ಸಂಜೆಯ ಕನ್ನಡ ಪೂಜೆ ಆರಂಭಿಸಲು ಸಿದ್ಧವಿದೆಯೋ ಅದರ ಸಮಯವನ್ನು ನಮಗೆ ತಿಳಿಸಿದರೆ ಪ್ರತಿ ಶನಿವಾರ ಇಲ್ಲಿ ಪ್ರಕಟಿಸುತ್ತೇವೆ. ಬಳ್ಳಾರಿ ಧರ್ಮಪ್ರಾಂತ್ಯದ ಗುರುಗಳೂ ತಮ್ಮ ಕಡೆಯಿಂದ ಹೊರಡುವವರಿಗೆ ಒಂದು ಪತ್ರ ಕೊಟ್ಟು ಕಳುಹಿಸುವಂತಾದರೆ ನಮ್ಮ ಕಚೇರಿಗಳ ಕೆಲಸ ಅರ್ಧ ಕಡಿಮೆಯಾಗುತ್ತದೆ.